ಎಫ್ ಕಾರ್ಡ್ ಒತ್ತಿದರೆ ಬೆರಳು ಉರಿಯುತ್ತಾ? ಗಿಟಾರ್ ತಂತಿ ಇಳಿಸುವುದು ಹೀಗೆ

ಅಕ್ಕನ ಮಗಳು ಎಡಗೈ ಚಾಚಿ ತೋರಿಸಿದಳು. ನಾಲ್ಕೂ ಬೆರಳ ತುದಿಯಲ್ಲಿ ಬ್ಲೇಡಿನಿಂದ ಗೀರಿದ ಹಾಗೆ ಗೆರೆ. ‘ಮಾವ, ಎಫ್ ಕಾರ್ಡ್ ಒತ್ತೋಕೇ ಆಗ್ತಿಲ್ಲ. ನಂಗೆ ಗಿಟಾರೇ ಬೇಡ.’ ಒಂದೇ ಬೆರಳಲ್ಲಿ ಹಲವು ತಂತಿ ಒಟ್ಟಿಗೆ ಒತ್ತಬೇಕಾದ ಸ್ವರಗುಚ್ಛ ಅದು. ಹೊಸದಾಗಿ ಕಲಿಯುವಾಗ ಬೆರಳು ನೋಯುವುದು ಇದ್ದದ್ದೇ. ಆದರೆ ಅವಳ ಗಿಟಾರಿಗೆ ಸ್ಕೇಲ್ ಹಿಡಿದು ನೋಡಿದೆ. 12ನೇ ಫ್ರೆಟ್ಟಿನಲ್ಲಿ, ಅಂದರೆ ಕುತ್ತಿಗೆಯ ಮೇಲಿನ 12ನೇ ಲೋಹದ ಅಡ್ಡಪಟ್ಟಿಯ ಬಳಿ, ದಪ್ಪ ತಂತಿ 3.5 ಮಿ.ಮೀ. ಮೇಲೆ ನಿಂತಿತ್ತು. ಪಾಪ, ತಪ್ಪು ಅವಳ ಬೆರಳಿನದಲ್ಲ.

ಫ್ರೆಟ್ಟಿನ ನೆತ್ತಿಗೂ ತಂತಿಯ ತಳಕ್ಕೂ ನಡುವೆ ಇರುವ ಈ ಸಂದಿಗೆ ‘ಆಕ್ಷನ್’ ಅನ್ನುತ್ತಾರೆ. ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರಿನಲ್ಲಿ 12ನೇ ಫ್ರೆಟ್ ಬಳಿ ದಪ್ಪ ಇ ತಂತಿಗೆ ಸುಮಾರು 2.4, ಸಣ್ಣ ಇ ತಂತಿಗೆ 1.8 ಮಿ.ಮೀ. ಇದ್ದರೆ ಹೆಚ್ಚಿನವರಿಗೆ ಆರಾಮ. ಜೋರಾಗಿ ಸ್ಟ್ರಮ್ ಮಾಡುವವರು ಇನ್ನೊಂದು ಚೂರು ಮೇಲಿಟ್ಟುಕೊಳ್ಳಲಿ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನ ಲೆಕ್ಕವೇ ಬೇರೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ.

ತಂತಿ ಮೇಲಿದೆ ಅಂದ ಕೂಡಲೇ ಎಲ್ಲರೂ ಕೈಹಾಕುವುದು ತಂತಿಗಳ ಬುಡ ಹಿಡಿದಿಡುವ ಬ್ರಿಜ್ ಮೇಲಿನ ಬಿಳಿ ಪಟ್ಟಿಗೆ, ಅಂದರೆ ಸ್ಯಾಡಲಿಗೆ. ಅದು ಕಡೆಯ ಕೆಲಸ. ಮೊದಲು ನೆಕ್ (ಗಿಟಾರಿನ ಕುತ್ತಿಗೆ), ಆಮೇಲೆ ನಟ್ (ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿಗಳು ಕೂರುವ ತೋಡುಗಳಿರುವ ಪಟ್ಟಿ), ಕೊನೆಗೆ ಸ್ಯಾಡಲ್. ನೆಕ್ಕಿನೊಳಗಿನ ಲೋಹದ ರಾಡನ್ನು, ಅಂದರೆ ಟ್ರಸ್ ರಾಡನ್ನು, ತಿರುಗಿಸಿದರೆ ವಾಪಸ್ ತಿರುಗಿಸಬಹುದು. ಉಜ್ಜಿದ ಸ್ಯಾಡಲ್ ಮತ್ತೆ ಬೆಳೆಯುವುದಿಲ್ಲ.

ಅರ್ಧ ಮಿ.ಮೀ. ಗುರುತಿರುವ ಸ್ಟೀಲ್ ಸ್ಕೇಲ್, ಕ್ಯಾಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್), ಗಿಟಾರಿನ ಜೊತೆ ಬಂದ ಅಲೆನ್ ಕೀ, 120 ಮತ್ತು 220 ನಂಬರಿನ ಸ್ಯಾಂಡ್ ಪೇಪರ್, ಒಂದು ತುಂಡು ದಪ್ಪ ಗಾಜು ಇಟ್ಟುಕೊಳ್ಳಿ. ಸಣ್ಣ ಸಂದಿ ಅಳೆಯುವ ತೆಳು ತಗಡುಗಳ ಫೀಲರ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು. ಇದಕ್ಕೆ ಸಂಗೀತದ ಅಂಗಡಿಗೆ ಹೋಗಬೇಕಿಲ್ಲ. ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡಲು ಬಳಸುವುದು ಇದನ್ನೇ. ನಾನು ತಂದದ್ದು ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ.

ಹಳೇ ತಂತಿ ಇದ್ದರೆ ಮೊದಲೇ ಬದಲಿಸಿ. ತಂತಿಯ ದಪ್ಪ ಹೇಳುವ ನಂಬರಿನಲ್ಲಿ 12ರ ಸೆಟ್ ಇದ್ದರೆ ಅದಕ್ಕಿಂತ ಸಣ್ಣ 11ರದ್ದು ಹಾಕಿ ನೋಡಿ, ಅಷ್ಟರಲ್ಲೇ ಬೆರಳಿಗೆ ಎಷ್ಟೋ ಹಗುರ ಅನ್ನಿಸುತ್ತದೆ. ಶ್ರುತಿ ಮಾಡಿದ ಮೇಲೆಯೇ ಅಳತೆ ತೆಗೆಯಬೇಕು. ಎಳೆತ ಬದಲಾದರೆ ನೆಕ್ಕಿನ ಬಾಗೂ ಬದಲಾಗುತ್ತದೆ.

ಮೊದಲು ನೆಕ್

ಒಂದನೇ ಫ್ರೆಟ್ಟಿಗೆ ಕ್ಯಾಪೊ ಹಾಕಿ. ನೆಕ್ ಬುರುಡೆಗೆ ಸೇರುವ ಜಾಗದಲ್ಲಿ, ಸಾಮಾನ್ಯವಾಗಿ 14ನೇ ಫ್ರೆಟ್ಟಿನಲ್ಲಿ, ದಪ್ಪ ತಂತಿಯನ್ನು ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನಿಮ್ಮ ರೂಲು ದೊಣ್ಣೆ. ಏಳನೇ ಫ್ರೆಟ್ಟಿನ ಮೇಲೆ ಎಷ್ಟು ಸಂದಿ ಇದೆ ನೋಡಿ. 0.1ರಿಂದ 0.25 ಮಿ.ಮೀ. ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ನೆಕ್ ಮುಂದಕ್ಕೆ ಬಾಗಿದೆ. ಟ್ರಸ್ ರಾಡ್ ಬಿಗಿಮಾಡಿ. ಅಲೆನ್ ಕೀ ಹಾಕಿ ತಿರುಗಿಸುವ ಅದರ ತುದಿ ಸೌಂಡ್ ಹೋಲ್ ಒಳಗೋ ಬಿರಡೆಗಳಿರುವ ಹೆಡ್‌ಸ್ಟಾಕಿನ ಸಣ್ಣ ಮುಚ್ಚಳದ ಕೆಳಗೋ ಇರುತ್ತದೆ. ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ಸಡಿಲ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಮತ್ತೆ ಶ್ರುತಿ ಮಾಡಿ ಅಳೆಯಿರಿ. ತುಂಬಾ ಬಿಗಿ ಅನ್ನಿಸಿದರೆ ನಿಲ್ಲಿಸಿಬಿಡಿ. ರಾಡ್ ಮುರಿದರೆ ಗಿಟಾರಿನ ಬೆಲೆಗಿಂತ ರಿಪೇರಿ ಖರ್ಚೇ ಜಾಸ್ತಿ ಆಗಬಹುದು. ಇದು ನೆಕ್ಕಿನ ಬಾಗು ಸರಿಮಾಡುವ ರಾಡ್, ತಂತಿ ಇಳಿಸುವ ಸ್ಕ್ರೂ ಅಲ್ಲ.

ನಟ್: ನೋಡಿ, ಉಜ್ಜಬೇಡಿ

ಎಫ್ ಕಾರ್ಡಿನ ಗೋಳು ಬಹಳ ಸಲ ಶುರುವಾಗುವುದು ಇಲ್ಲೇ. ಪ್ರತಿ ತಂತಿಯನ್ನೂ ಎರಡು ಮತ್ತು ಮೂರನೇ ಫ್ರೆಟ್ಟಿನ ನಡುವೆ ಒತ್ತಿ, ಒಂದನೇ ಫ್ರೆಟ್ಟಿನ ಮೇಲೆ ಕಣ್ಣಿಡಿ. ಒಂದು ಕಾಗದ ತೂರುವಷ್ಟು ಸಂದಿ ಸಾಕು. ಎದ್ದು ಕಾಣುವಷ್ಟಿದ್ದರೆ ನಟ್ಟಿನ ತೋಡನ್ನು ಆಳ ಮಾಡಬೇಕು. ಇದಕ್ಕೆ ತಂತಿಯ ದಪ್ಪಕ್ಕೆ ಹೊಂದುವ ಬೇರೆ ಬೇರೆ ಅರ ಬೇಕು. ಅರದ ಒಂದು ಎಳೆತ ಹೆಚ್ಚಾದರೆ ಆ ತಂತಿಯನ್ನು ಬಿಟ್ಟು ಮೀಟಿದಾಗೆಲ್ಲ ಜುಯ್ ಅನ್ನುತ್ತದೆ. ಇದೊಂದನ್ನು ರಿಪೇರಿಯವರಿಗೆ ಕೊಟ್ಟುಬಿಡಿ.

ಸ್ಯಾಡಲ್

ಈಗ 12ನೇ ಫ್ರೆಟ್ಟಿನಲ್ಲಿ ಅಳೆಯಿರಿ. ಲೆಕ್ಕ ಸುಲಭ: ಅಲ್ಲಿ ಎಷ್ಟು ಇಳಿಸಬೇಕೋ ಅದರ ಎರಡರಷ್ಟು ಸ್ಯಾಡಲಿನಿಂದ ತೆಗೆಯಬೇಕು. 12ನೇ ಫ್ರೆಟ್ ತಂತಿಯ ನಟ್ಟನಡುವೆ ಇದೆಯಲ್ಲ, ಅದಕ್ಕೇ ಈ ದುಪ್ಪಟ್ಟು. ಅಕ್ಕನ ಮಗಳ ಗಿಟಾರಿನ ನೆಕ್ ಸರಿಮಾಡಿದ ಮೇಲೆ 3.2 ಉಳಿಯಿತು. 2.4ಕ್ಕೆ ತರಲು 0.8 ಇಳಿಸಬೇಕು. ಅಂದರೆ ಸ್ಯಾಡಲಿನಿಂದ 1.6 ಮಿ.ಮೀ.

ತಂತಿ ಸಡಿಲಿಸಿ, ಸ್ಯಾಡಲನ್ನು ಮೆಲ್ಲಗೆ ಎಳೆದು ತೆಗೆಯಿರಿ. ಯಾವ ತುದಿ ದಪ್ಪ ತಂತಿಯ ಕಡೆಗೆ ಅಂತ ಪೆನ್ಸಿಲಿನಲ್ಲಿ ಬರೆದಿಡಿ. ತಳದಿಂದ ಅಳೆದು ಚೂಪು ಪೆನ್ಸಿಲಿನಿಂದ ಗೆರೆ ಎಳೆಯಿರಿ. ಗಾಜಿನ ಮೇಲೆ 120ರ ಪೇಪರ್ ಹಾಸಿ, ಸ್ಯಾಡಲನ್ನು ನೆಟ್ಟಗೆ ನಿಲ್ಲಿಸಿ ತಳವನ್ನಷ್ಟೇ ಉಜ್ಜಿ. ಮೇಲಿನ ಅಂಚು ಮುಟ್ಟಬೇಡಿ. ಹತ್ತಿಪ್ಪತ್ತು ಸಲ ಎಳೆದ ಮೇಲೆ ದಿಕ್ಕು ಬದಲಿಸಿ. ಇಲ್ಲದಿದ್ದರೆ ಬೆರಳು ಒತ್ತುವ ಕಡೆ ಬೇಗ ಸವೆದು ತಳ ಓರೆಯಾಗುತ್ತದೆ. ಮೂಳೆಯ ಸ್ಯಾಡಲ್ ಆದರೆ ಸುಟ್ಟ ಕೂದಲಿನಂಥ ವಾಸನೆ ಬರುತ್ತದೆ. ಕಿಟಕಿ ತೆಗೆದು, ಮೂಗಿಗೆ ಬಟ್ಟೆ ಕಟ್ಟಿ ಕೂತರೆ ಒಳ್ಳೆಯದು. ಗೆರೆಗೆ ಇನ್ನೂ ಸ್ವಲ್ಪ ಇರುವಾಗಲೇ ನಿಲ್ಲಿಸಿ, ಕೂರಿಸಿ, ಶ್ರುತಿ ಮಾಡಿ ಬಾರಿಸಿ. ಆಮೇಲೆ ಉಳಿದದ್ದನ್ನು 220ರಲ್ಲಿ ಮುಗಿಸಿ. ಸ್ಯಾಡಲಿನ ಕೆಳಗೆ, ಸದ್ದನ್ನು ಸ್ಪೀಕರಿಗೆ ಕಳಿಸುವ ಪಿಕಪ್ ಇದ್ದರೆ ತಳ ಗಾಜಿನಷ್ಟೇ ಸಪಾಟಾಗಿರಬೇಕು. ಇಲ್ಲವಾದರೆ ಸ್ಪೀಕರಿನಲ್ಲಿ ಒಂದು ತಂತಿ ಜೋರು, ಇನ್ನೊಂದು ಮೆಲ್ಲಗೆ.

ಉಜ್ಜುವ ಮೊದಲೇ ಸ್ಯಾಡಲ್ ಬ್ರಿಜ್ಜಿನ ಮೇಲೆ ಎರಡು ಮೂರು ಮಿ.ಮೀ. ಅಷ್ಟೇ ಎದ್ದಿದ್ದು, ತಂತಿ ಆಗಲೂ ಮೇಲಿದ್ದರೆ ನೆಕ್ ಕೂತ ಕೋನವೇ ಹೋಗಿದೆ ಅಂತ ಅರ್ಥ. ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ಮಳೆಗಾಲದಲ್ಲಿ ಮೋಸ ಹೋಗಬೇಡಿ

ನಾನು ಹೋಗಿದ್ದೇನೆ. ಮಂಗಳೂರಿನಲ್ಲಿ ಆಟಿ ತಿಂಗಳ ಮಳೆಯಲ್ಲಿ ನನ್ನ ಮೊದಲ ಗಿಟಾರನ್ನು ಇಳಿಸಿದ್ದೆ. ಬೆಣ್ಣೆಯ ಹಾಗೆ ಬಂತು. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದೆ. ಮಾರ್ಚ್ ಹೊತ್ತಿಗೆ ಏಳನೇ ಫ್ರೆಟ್ಟಿನಿಂದ ಆಚೆಗೆ ಎಲ್ಲಿ ಮುಟ್ಟಿದರೂ ಜುಯ್ ಅನ್ನತೊಡಗಿತು. ತೇವ ಕುಡಿದಾಗ ಮುಂಭಾಗದ ಹಲಗೆ ಉಬ್ಬಿ ಬ್ರಿಜ್ಜನ್ನು ಮೇಲೆತ್ತುತ್ತದೆ. ಒಣ ಹವೆಗೆ ಅದೇ ಹಲಗೆ ಕುಗ್ಗಿ ಕೆಳಗಿಳಿಯುತ್ತದೆ. ನಾನು ಉಜ್ಜಿ ತೆಗೆದದ್ದು ಮಳೆ ಎತ್ತಿದ್ದನ್ನು. ಗಾಳಿಯಲ್ಲಿ ತೇವ ಶೇ 45ರಿಂದ 55 ಇರುವಾಗ ಅಳೆದರೆ ಈ ಪಾಡಿಲ್ಲ. ಮಳೆಗಾಲದಲ್ಲೇ ಮಾಡಲೇಬೇಕಾದರೆ ಗಿಟಾರನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕೇಸಿನೊಳಗೆ ಕೆಲವು ದಿನ ಇಟ್ಟು ಆಮೇಲೆ ಅಳೆಯಿರಿ.

ಅವತ್ತು ಕೆಟ್ಟ ಸ್ಯಾಡಲನ್ನು ಬಿಸಾಡಲಿಲ್ಲ. ಎತ್ತರದ ಇನ್ನೊಂದನ್ನು ಕೊಂಡು ಕೂರಿಸಿದೆ. ಈಗ ಕೇಸಿನ ಪುಟ್ಟ ಡಬ್ಬಿಯಲ್ಲಿ ಯಾವಾಗಲೂ ಒಂದು ಸ್ಯಾಡಲ್ ಇರುತ್ತದೆ. ಒಂದರ ತಳದಲ್ಲಿ ‘ಮಳೆ’, ಇನ್ನೊಂದರಲ್ಲಿ ‘ಬೇಸಿಗೆ’ ಅಂತ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಜೂನಿನಲ್ಲಿ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ ಬದಲಿಸುತ್ತೇನೆ. ಹತ್ತು ನಿಮಿಷದ ಕೆಲಸ.