ವೈರಲ್ ನ್ಯುಮೋನಿಯಾ ನಂತರ ಉಸಿರಾಟ, ಕೆಮ್ಮು: ನಾನು ಮಾಡಿಸುವ ಕ್ರಮ

ನ್ಯುಮೋನಿಯಾ ಎಂದ ಕೂಡಲೇ ಮನೆಯವರ ಬಾಯಲ್ಲಿ ಮೊದಲು ಬರುವ ಮಾತು, ‘ಎದೇಲಿ ಕಫ ಕಟ್ಕೊಂಡಿದೆ, ಹೇಗಾದ್ರೂ ಹೊರಗೆ ಹಾಕ್ಸಿ ಸರ್’. ಬ್ಯಾಕ್ಟೀರಿಯಾದಿಂದ ಬಂದ ನ್ಯುಮೋನಿಯಾದಲ್ಲಿ ಆ ಮಾತಿಗೆ ಅರ್ಥವಿದೆ. ಆದರೆ ಎಚ್‌1ಎನ್‌1 ತರಹದ ಫ್ಲೂನಿಂದಲೋ ಕೋವಿಡ್‌ನಿಂದಲೋ ಬಂದದ್ದಾದರೆ ಬಹಳಷ್ಟು ಜನರಿಗೆ ತೆಗೆಯುವಷ್ಟು ಕಫವೇ ಇರುವುದಿಲ್ಲ. ಅಲ್ಲಿ ಊತ ಇರುವುದು ಗಾಳಿಚೀಲಗಳ ತೆಳು ಗೋಡೆಯಲ್ಲಿ, ಅದರ ಸುತ್ತಲಿನ ಅಂಗಾಂಶದಲ್ಲಿ. ಶ್ವಾಸಕೋಶ ಬಿಗಿಯಾಗಿ, ಉಸಿರು ಗಿಡ್ಡವಾಗಿ ಬೇಗ ಬೇಗ ಓಡುತ್ತದೆ, ಕೆಮ್ಮು ಒಣಗಿರುತ್ತದೆ. ಇಂಥವರನ್ನು ಕೂರಿಸಿಕೊಂಡು ‘ಜೋರಾಗಿ ಕೆಮ್ಮಿ’ ಎಂದು ಒತ್ತಾಯಿಸಿದರೆ ಗಂಟಲು ಕೆರೆಯುತ್ತದೆ, ಆಕ್ಸಿಜನ್ ಇಳಿಯುತ್ತದೆ, ಹೊರಗೆ ಬರುವುದು ಏನೂ ಇಲ್ಲ. ಬೆನ್ನಿಗೆ ಗುದ್ದುವುದೂ ಅಷ್ಟೆ. ವಯಸ್ಕರ ನ್ಯುಮೋನಿಯಾದಲ್ಲಿ ಎದೆ ತಟ್ಟುವಂಥ ಫಿಸಿಯೋಥೆರಪಿಯಿಂದ ಸಾವಿನ ಪ್ರಮಾಣ ಕಡಿಮೆಯಾಗಲಿಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆಯೇ ಹೇಳಿದೆ.

ಹಾಗಾಗಿ ನನ್ನ ಮೊದಲ ಪ್ರಶ್ನೆ: ಒಣ ಕೆಮ್ಮೋ, ಹಸಿ ಕೆಮ್ಮೋ? ಮುಚ್ಚಳವಿರುವ ಒಂದು ಡಬ್ಬಿ ಕೊಟ್ಟು ಒಂದು ದಿನದ ಕಫ ಅದರಲ್ಲೇ ಉಗುಳಲು ಹೇಳುತ್ತೇನೆ. ಸುಮಾರು 25–30 ಮಿ.ಲೀ. ದಾಟಿದರೆ, ಇಲ್ಲವೇ ಉಸಿರಾಡುವಾಗ ಎದೆಯಲ್ಲಿ ಗೊರಗೊರ ಕೇಳಿದರೆ, ಕಫ ತೆಗೆಯುವ ಕ್ರಮಗಳಿಗೆ ಜಾಗವಿದೆ. ಇಲ್ಲದಿದ್ದರೆ ಶಕ್ತಿಯನ್ನೆಲ್ಲ ಉಸಿರು, ಮಲಗುವ ಭಂಗಿ, ನಡಿಗೆಗೆ ಇಡಬೇಕು. ಜ್ವರ ಬಿಟ್ಟು ಸುಧಾರಿಸಿಕೊಂಡವರಿಗೆ ಮತ್ತೆ ಜ್ವರ ಬಂದು, ಹಳದಿ–ಹಸಿರು ಇಲ್ಲವೇ ತುಕ್ಕಿನ ಬಣ್ಣದ ಕಫ ಶುರುವಾದರೆ ವ್ಯಾಯಾಮ ಬದಿಗಿಟ್ಟು ಮೊದಲು ಡಾಕ್ಟರಿಗೆ ಹೇಳಬೇಕು. ವೈರಸ್ಸಿನ ಬೆನ್ನಿಗೇ ಬ್ಯಾಕ್ಟೀರಿಯಾ ಸೇರಿಕೊಳ್ಳುವುದು ಫ್ಲೂನಲ್ಲಿ ಚೆನ್ನಾಗಿ ಗೊತ್ತಿರುವ ವಿಚಾರ.

ಶುರು ಮಾಡುವ ಮುನ್ನ ನಾಲ್ಕು ಅಂಕಿ ಬರೆದುಕೊಳ್ಳುತ್ತೇನೆ: ಆಕ್ಸಿಜನ್ ಪ್ರಮಾಣ, ನಾಡಿ, ಉಸಿರಿನ ವೇಗ, ಏದುಸಿರಿನ ಅಂಕ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರು ತಪ್ಪಿದರೂ ಲೆಕ್ಕ ನಾಲ್ಕು ಹೆಚ್ಚುಕಮ್ಮಿ ಆಗುತ್ತದೆ. ಎಣಿಸುತ್ತಿರುವುದು ರೋಗಿಗೆ ತಿಳಿಯಬಾರದು, ತಿಳಿದರೆ ಉಸಿರಿನ ಲಯವೇ ಬದಲಾಗುತ್ತದೆ. ನಾಡಿ ಹಿಡಿದಂತೆ ಕೈ ಹಿಡಿದುಕೊಂಡು ಎದೆ ನೋಡಿದರಾಯಿತು. ಏದುಸಿರಿಗೆ ಬೋರ್ಗ್ ಅಳತೆ: 0 ಎಂದರೆ ಏನೂ ಇಲ್ಲ, 10 ಎಂದರೆ ತಡೆಯಲಾಗದಷ್ಟು. ವ್ಯಾಯಾಮದ ಹೊತ್ತಿಗೆ ಅದು 3–4 ದಾಟಬಾರದು.

ಕೂತಲ್ಲೇ ಉಸಿರು ನಿಮಿಷಕ್ಕೆ 25–30 ದಾಟುತ್ತಿದ್ದರೆ ದೀರ್ಘ ಉಸಿರಿನ ವ್ಯಾಯಾಮವನ್ನೇ ಮಾಡಿಸುವುದಿಲ್ಲ, ಬರೀ ಭಂಗಿ ಸರಿಮಾಡುತ್ತೇನೆ. ಆಕ್ಸಿಜನ್ ಗುರಿಯನ್ನು ಡಾಕ್ಟರೇ ಹೇಳಿರುತ್ತಾರೆ. ಸಾಮಾನ್ಯವಾಗಿ ಅದು ಶೇಕಡ 92ರಿಂದ 96. ಮೊದಲೇ ಸಿಒಪಿಡಿ (ಉಸಿರುಕೊಳವೆ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದ್ದವರಿಗೆ 88ರಿಂದ 92. ಆಕ್ಸಿಮೀಟರನ್ನು ಬೆರಳಿಗೆ ಹಾಕಿದ ಕೂಡಲೇ ಬಂದ ಅಂಕಿ ನಂಬಬೇಡಿ, ಅರ್ಧ–ಒಂದು ನಿಮಿಷ ಸ್ಥಿರವಾಗಲಿ. ನೇಲ್ ಪಾಲಿಶ್, ಉಗುರಿನ ಮೇಲಿನ ಮೆಹಂದಿ, ತಣ್ಣಗಾದ ಬೆರಳು ಇವೆಲ್ಲ ಅಂಕಿ ಕೆಡಿಸುತ್ತವೆ. ಕಪ್ಪು ಮೈಬಣ್ಣದವರಲ್ಲಿ ಯಂತ್ರ ಇರುವುದಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸಬಹುದು. ಹಾಗಾಗಿ ಅಂಕಿ ಚೆನ್ನಾಗಿದ್ದು ಮುಖ ಬಾಡಿದ್ದರೆ ನಾನು ಮುಖವನ್ನೇ ನಂಬುತ್ತೇನೆ.

ಇನ್ನು ಭಂಗಿ. ಮಂಚದ ತಲೆಭಾಗ ಎತ್ತಿ ಕೂರಿಸಿದ ರೋಗಿ ಅರ್ಧ ಗಂಟೆಯಲ್ಲಿ ಕೆಳಕ್ಕೆ ಜಾರಿರುತ್ತಾನೆ. ಆಗ ಬೆನ್ನು ಸೊಂಟದಲ್ಲಲ್ಲ, ಎದೆಯ ಮಧ್ಯದಲ್ಲಿ ಬಾಗಿ, ಹೊಟ್ಟೆ ಮಡಚಿ ವಪೆಯನ್ನು (ಎದೆ–ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೆ ಒತ್ತುತ್ತದೆ. ನೋಡಿದವರಿಗೆ ಎದ್ದು ಕೂತಂತೆ ಕಾಣುತ್ತದೆ, ಶ್ವಾಸಕೋಶದ ಬುಡಕ್ಕೆ ಮಾತ್ರ ಗಾಳಿ ಹೋಗುವುದಿಲ್ಲ. ಸೊಂಟವನ್ನು ಮಂಚ ಮಡಚುವ ಜಾಗಕ್ಕೆ ಎಳೆದು, ಮಂಡಿ ಕೆಳಗೆ ದಿಂಬಿಟ್ಟರೆ ಜಾರುವುದು ನಿಲ್ಲುತ್ತದೆ. ಇದಕ್ಕಿಂತ ಒಳ್ಳೆಯದು ಕುರ್ಚಿ. 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ನ್ಯುಮೋನಿಯಾ ರೋಗಿಗಳನ್ನು ಮೊದಲ 24 ಗಂಟೆಯೊಳಗೆ ಕನಿಷ್ಠ 20 ನಿಮಿಷ ಹಾಸಿಗೆಯಿಂದ ಇಳಿಸಿದ್ದಕ್ಕೆ ಆಸ್ಪತ್ರೆವಾಸ ಸುಮಾರು ಒಂದು ದಿನ ಕಡಿಮೆಯಾಗಿತ್ತು. ಅಷ್ಟು ಅಗ್ಗದ ಔಷಧಿ ಬೇರೆ ಇಲ್ಲ.

ಬೋರಲು ಮಲಗುವುದನ್ನು ಎಲ್ಲರೂ ಕೋವಿಡ್ ಕಾಲದಲ್ಲಿ ಕೇಳಿದ್ದಾರೆ. 2021ರ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಚಿತ್ರಸಹಿತ ಸೂಚನೆ ಹೊರಡಿಸಿತ್ತು. ಕತ್ತಿನ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆಯ ಮೇಲ್ಭಾಗದವರೆಗೆ ಒಂದೋ ಎರಡೋ, ಮೊಣಕಾಲಿನ ಕೆಳಗಿನ ಭಾಗಕ್ಕೆ ಎರಡು. ಹಿಂಭಾಗದ, ಕೆಳಭಾಗದ ಗಾಳಿಚೀಲಗಳ ಮೇಲಿನ ಭಾರ ಇಳಿದು ಅವು ತೆರೆದುಕೊಳ್ಳುತ್ತವೆ. ಅರ್ಧ ಗಂಟೆಯಿಂದ ಎರಡು ಗಂಟೆ ಹಾಗಿದ್ದು, ನಂತರ ಬಲ ಮಗ್ಗುಲು, ಎದ್ದು ಕೂರುವುದು, ಎಡ ಮಗ್ಗುಲು. ಊಟವಾಗಿ ಒಂದು ಗಂಟೆಯವರೆಗೆ ಬೇಡ. ಗರ್ಭಿಣಿಯರಿಗೆ, ಗಂಭೀರ ಹೃದಯದ ತೊಂದರೆ ಇದ್ದವರಿಗೆ, ಬೆನ್ನುಮೂಳೆ, ಸೊಂಟ, ತೊಡೆಮೂಳೆ ಮುರಿದವರಿಗೆ, ಕಾಲಿನ ರಕ್ತನಾಳದಲ್ಲಿ ಹೊಸದಾಗಿ ಹೆಪ್ಪುಗಟ್ಟಿದವರಿಗೆ ಇದು ಸಲ್ಲ. ದೊಡ್ಡ ಹೊಟ್ಟೆಯವರಿಗೆ ಪೂರ್ತಿ ಬೋರಲು ಆಗದು. ಅವರನ್ನು ಮುಕ್ಕಾಲು ಬೋರಲಾಗಿಸಿ, ಮೇಲಿನ ಕಾಲು ಮಡಚಿ ದಿಂಬಿನ ಮೇಲಿಟ್ಟರೆ ಹೆಚ್ಚು ಹೊತ್ತು ಸಹಿಸುತ್ತಾರೆ.

ಉಸಿರಿನ ವ್ಯಾಯಾಮವನ್ನು ‘ದೀರ್ಘವಾಗಿ ಉಸಿರೆಳೆದುಕೊಳ್ಳಿ’ ಎಂದು ಎಂದೂ ಶುರು ಮಾಡುವುದಿಲ್ಲ. ಹಾಗೆಂದ ಕೂಡಲೇ ಭುಜ ಕಿವಿಯತ್ತ ಏರುತ್ತದೆ, ಕತ್ತಿನ ನರಗಳು ಉಬ್ಬುತ್ತವೆ, ಗಾಳಿ ಎದೆಯ ಮೇಲ್ಭಾಗದಲ್ಲೇ ಉಳಿಯುತ್ತದೆ. ಮೊದಲು ಉಸಿರು ಬಿಡಲಿ. ಮುಂದಕ್ಕೆ ಬಾಗಿ ಕೂತು ಮೊಣಕೈಯನ್ನು ತೊಡೆಯ ಮೇಲೋ ಎದುರಿನ ಮೇಜಿನ ದಿಂಬಿನ ಮೇಲೋ ಊರಿಸಿ, ಒಂದು ಕೈಯನ್ನು ಹೊಕ್ಕುಳ ಮೇಲಿಟ್ಟು, ಮೂಗಿನಿಂದ ಮೆಲ್ಲಗೆ ಒಳಗೆ, ಬಾಯಿಂದ ಮೆಲ್ಲಗೆ ಹೊರಗೆ. ಕೈ ತಾನಾಗಿ ಏರಬೇಕು. ಹೊಟ್ಟೆಯನ್ನು ಬೇಕೆಂದು ಉಬ್ಬಿಸುವುದಲ್ಲ. ಇದು ಉಸಿರಿನ ಹಿಡಿತ, ಅರ್ಧದಿಂದ ಒಂದು ನಿಮಿಷ. ಏದುಸಿರು ಬಂದಾಗಲೆಲ್ಲ ಮರಳಿ ಬರಬೇಕಾದ ಜಾಗವೂ ಇದೇ.

ಅದು ಕೈವಶವಾದ ಮೇಲೆ ಪಕ್ಕೆ ಅಗಲಿಸುವ ಉಸಿರು. ಎರಡೂ ಅಂಗೈಯನ್ನು ಕೆಳಗಿನ ಪಕ್ಕೆಲುಬುಗಳ ಬದಿಗೆ ಇಟ್ಟು, ಉಸಿರು ಬಿಡುವ ಕೊನೆಯಲ್ಲಿ ಹಗುರಾಗಿ ಒತ್ತಿ, ‘ಈಗ ನನ್ನ ಕೈಯನ್ನು ಹೊರಗೆ ತಳ್ಳಿ’ ಎನ್ನುತ್ತೇನೆ. ಮನೆಯಲ್ಲಿ ಒಬ್ಬರೇ ಮಾಡುವವರು ಟವೆಲ್ಲನ್ನು ಎದೆಯ ಕೆಳಭಾಗಕ್ಕೆ ಸುತ್ತಿ, ಎರಡೂ ತುದಿ ಮುಂದೆ ಅಡ್ಡ ಹಿಡಿದು ಎಳೆದುಕೊಳ್ಳಬಹುದು. ಒಳಗೆಳೆದು ಮೂರು ಸೆಕೆಂಡು ತಡೆದು, ನಿಟ್ಟುಸಿರಿನಂತೆ ಬಿಡುವುದು. ಇಂಥವು ಮೂರು ಅಥವಾ ನಾಲ್ಕು ಸಾಕು, ಮತ್ತೆ ಉಸಿರಿನ ಹಿಡಿತಕ್ಕೆ ವಾಪಸ್. ಹತ್ತು–ಹದಿನೈದು ಒಟ್ಟಿಗೆ ಮಾಡಿದರೆ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳ ತುದಿ, ತುಟಿ ಜುಮುಗುಟ್ಟುತ್ತವೆ. ತಡೆಯುವಾಗ ಕೆಮ್ಮು ಉಕ್ಕುವವರಿಗೆ ತಡೆಯುವುದನ್ನೇ ಬಿಡಿಸುತ್ತೇನೆ. ಬಿಗಿ ಶ್ವಾಸಕೋಶದವರಿಗೆ ಆ ಮೂರು ಸೆಕೆಂಡೂ ಮೊದಲ ವಾರ ಕಷ್ಟ. ಎಚ್ಚರವಿರುವ ಹೊತ್ತಲ್ಲಿ ಗಂಟೆಗೊಮ್ಮೆ ಇಷ್ಟು ಮಾಡಿದರೆ, ದಿನಕ್ಕೊಮ್ಮೆ ಅರ್ಧ ಗಂಟೆ ಬೆವರಿಳಿಸಿಕೊಳ್ಳುವುದಕ್ಕಿಂತ ಉತ್ತಮ.

ಉಸಿರೆಳೆದು ಚೆಂಡು ಏರಿಸುವ ಉಪಕರಣ, ಮೂರು ಚೆಂಡಿನ ಸ್ಪೈರೋಮೀಟರ್ ಈಗ ಪ್ರತಿ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ, ಮುಕ್ಕಾಲು ಪಾಲು ಜನ ಅದನ್ನು ಊದುತ್ತಾರೆ. ಊದುವುದಲ್ಲ, ಎಳೆಯುವುದು. ಮೇಲೆ ಬರೆದಿರುವ 600, 900, 1200 ಎಂಬುದು ಗಾಳಿಯ ಪ್ರಮಾಣವಲ್ಲ, ವೇಗ: ಸೆಕೆಂಡಿಗೆ ಅಷ್ಟು ಮಿ.ಲೀ. ಮೊದಲ ಚೆಂಡನ್ನು ಎರಡು ಸೆಕೆಂಡು ಮೇಲೆ ನಿಲ್ಲಿಸಿದರೆ ಒಳಗೆ ಹೋದದ್ದು ಸುಮಾರು 1200 ಮಿ.ಲೀ. ಮೂರನ್ನೂ ಕ್ಷಣಮಾತ್ರ ಹಾರಿಸಿ ಬಿಟ್ಟರೆ ಅದರರ್ಧವೂ ಹೋಗಿರುವುದಿಲ್ಲ, ದುಡಿದದ್ದು ಕತ್ತಿನ ಸ್ನಾಯು ಮಾತ್ರ. ಹಾಗಾಗಿ ‘ಮೂರೂ ಏರಿಸಿದೆ ನೋಡಿ’ ಎಂದು ಖುಷಿಪಡುವವರಿಗೆ ಒಂದೇ ಚೆಂಡನ್ನು ಮೂರು ಸೆಕೆಂಡು ನಿಲ್ಲಿಸಲು ಹೇಳುತ್ತೇನೆ, ಅಲ್ಲೇ ಸೋಲುತ್ತಾರೆ. ಉಪಕರಣ ನೆಟ್ಟಗಿರಬೇಕು, ಓರೆ ಹಿಡಿದರೆ ಚೆಂಡು ಸುಲಭವಾಗಿ ಏರಿ ಮೋಸ ಮಾಡುತ್ತದೆ. ಇದಿಲ್ಲದೆಯೂ ಕೈಯಿಟ್ಟು ಮಾಡುವ ಉಸಿರು ಅಷ್ಟೇ ಕೆಲಸ ಮಾಡುತ್ತದೆ, ದುಡ್ಡಿಲ್ಲದವರು ಕೊಳ್ಳಬೇಕಿಲ್ಲ.

ಬಲೂನ್ ಊದಿಸುವುದು ನನಗೆ ಇಷ್ಟವಿಲ್ಲ. ಈ ರೋಗಿಯ ಕಷ್ಟ ಇರುವುದು ಗಾಳಿ ಒಳಗೆಳೆಯುವುದರಲ್ಲಿ. ಬಲೂನಿನ ಮೊದಲ ಉಬ್ಬಿಗೆ ಬೇಕಾದ ಒತ್ತಡ ಊತವಿರುವ ಗಾಳಿಚೀಲಕ್ಕೆ ಬೇಡದ ಹೊರೆ. ಕೋವಿಡ್‌ನಲ್ಲಿ ವೆಂಟಿಲೇಟರ್ ಹಾಕದವರಿಗೂ ಶ್ವಾಸಕೋಶದಿಂದ ಗಾಳಿ ಸೋರಿದ ಪ್ರಕರಣಗಳಿವೆ. ಕಪಾಲಭಾತಿ, ಭಸ್ತ್ರಿಕಾ ಸದ್ಯಕ್ಕೆ ಬೇಡ ಎನ್ನುವುದೂ ಅದೇ ಕಾರಣಕ್ಕೆ. ಕುಂಭಕವಿಲ್ಲದ (ಉಸಿರು ಕಟ್ಟದ) ಅನುಲೋಮ ವಿಲೋಮ, ಭ್ರಾಮರಿ ಆಗಬಹುದು. ಭ್ರಾಮರಿಯಲ್ಲಿ ಉಸಿರು ತಾನಾಗಿ ನಿಧಾನವಾಗಿ, ಉದ್ದವಾಗಿ ಹೊರಬರುತ್ತದೆ.

ಕಫ ನಿಜಕ್ಕೂ ಇದ್ದವರಿಗೆ ಮಾತ್ರ ಮುಂದಿನ ಹೆಜ್ಜೆ, ಹಫ್. ಕನ್ನಡಕದ ಗಾಜಿಗೆ ‘ಹಾ’ ಎಂದು ಹಬೆ ಹಿಡಿಸುವಂತೆ ಬಾಯಿ ಅಗಲ ತೆರೆದು, ಗಂಟಲು ಮುಚ್ಚದೆ, ಹೊಟ್ಟೆಯ ಸ್ನಾಯುವಿಂದ ಗಾಳಿ ತಳ್ಳುವುದು. ಸಣ್ಣ ಕೊಳವೆಗಳಲ್ಲಿರುವ ಕಫಕ್ಕೆ ಸಾಧಾರಣ ಉಸಿರೆಳೆದು ಉದ್ದನೆಯ, ಮೆತ್ತನೆಯ ‘ಹಾ...’. ಕಫ ಮೇಲೆ ಬಂದು ಗಂಟಲ ಹತ್ತಿರ ಗೊರಗುಟ್ಟಿದಾಗ ದೊಡ್ಡ ಉಸಿರೆಳೆದು ಗಿಡ್ಡ, ಚುರುಕು ‘ಹಾ’. ಈ ಎರಡನ್ನು ಅದಲುಬದಲು ಮಾಡಿದರೆ ಕಫ ಅಲುಗುವುದಿಲ್ಲ. ಒಂದೆರಡು ಹಫ್ ಆದಮೇಲೆ ಕಡ್ಡಾಯವಾಗಿ ಉಸಿರಿನ ಹಿಡಿತ. ಬಿಡದೆ ಮಾಡಿದರೆ ಕೊಳವೆಗಳು ಬಿಗಿದು ಉಬ್ಬಸ ಬರುತ್ತದೆ. ಉದ್ದದ ಹಫ್‌ನಲ್ಲಿ ಸಿಳ್ಳೆಯಂಥ ಸದ್ದು ಬಂದರೆ ಬಲ ಜಾಸ್ತಿಯಾಗಿದೆ ಎಂದರ್ಥ. ಎರಡು ಸುತ್ತಿನಲ್ಲಿ ಹಫ್ ಒಣದಾಗಿ ಕೇಳಿಸಿದರೆ ಅಂದಿಗೆ ಸಾಕು.

ಕಫ ಗಟ್ಟಿಯಿದ್ದರೆ ಬಾಟಲಿ ಊದುವ ಉಪಾಯ ಅಗ್ಗ. ಒಂದು ಲೀಟರಿನ ಅಗಲ ಬಾಯಿಯ ಬಾಟಲಿ, ಒಳವ್ಯಾಸ ಒಂದು ಸೆಂ.ಮೀ. ಇರುವ ಒಂದು ಮೊಳದ ಪ್ಲಾಸ್ಟಿಕ್ ನಳಿಕೆ. ನಳಿಕೆಯ ತುದಿ ನೀರಿನ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿರಬೇಕು, ಆ ಆಳವೇ ಒತ್ತಡ. ಬಾಟಲಿಯ ಬಾಯಿ ತೆರೆದಿರಲಿ. ಡ್ರಿಪ್ ಸೆಟ್ಟಿನ ನಳಿಕೆ, ಜ್ಯೂಸ್ ಸ್ಟ್ರಾ ಹಾಕಿದರೆ ಕಿರಿದಾಗಿ ಒತ್ತಡ ಲೆಕ್ಕ ತಪ್ಪಿ ಏರುತ್ತದೆ. ಮೂಗಿನಿಂದ ಎಳೆದು, ಗುಳ್ಳೆ ಸಮನಾಗಿ ಬರುವಂತೆ ಮೆಲ್ಲಗೆ ಊದಿ, 10–15 ಸಲವಾದ ಮೇಲೆ ಹಫ್. 1997ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ 20 ಊದಿನಂತೆ ದಿನಕ್ಕೆ 10 ಸಲ ಮಾಡಿಸಿದ್ದರು. ಹಾಗೆ ಊದಿದ ರೋಗಿಗಳು ಆಸ್ಪತ್ರೆಯಿಂದ ಬೇಗ ಮನೆಗೆ ಹೋದರು. ನೀರು ದಿನವೂ ಬದಲಾಗಲಿ, ಬಾಟಲಿ ಒಬ್ಬರಿಗೆ ಒಂದೇ. ಕಫದಲ್ಲಿ ರಕ್ತ ಕಂಡವರಿಗೆ, ಎದೆಯಲ್ಲಿ ಗಾಳಿ ಸೋರಿದವರಿಗೆ ಇದು ಬೇಡವೇ ಬೇಡ.

ಒಣ ಕೆಮ್ಮಿಗೆ ಪಾಠ ತಿರುವುಮುರುವು: ಕೆಮ್ಮದೆ ಇರುವುದನ್ನು ಕಲಿಸಬೇಕು. ಗಂಟಲು ಕೆರೆಯಲು ಶುರುವಾದ ಕೂಡಲೇ ಬಾಯಿ ಮುಚ್ಚಿ, ಒಮ್ಮೆ ಎಂಜಲು ನುಂಗಿ, ಕ್ಷಣಕಾಲ ಉಸಿರು ತಡೆದು, ಮೂಗಿನಿಂದ ಚಿಕ್ಕ ಚಿಕ್ಕ ಉಸಿರು. ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕ್ ಇರಲಿ, ಗುಟುಕು ಗುಟುಕಾಗಿ ಕುಡಿಯಲಿ. ಕೆರೆತ ತಣಿಯಲು ಅರ್ಧ ನಿಮಿಷ ಬೇಕು. ಹತ್ತು ಸೆಕೆಂಡಿಗೇ ಸೋತು ಕೆಮ್ಮಿದರೆ ಮುಂದಿನ ಕೆಮ್ಮು ಇನ್ನೂ ಬೇಗ ಬರುತ್ತದೆ. ಪಾತ್ರೆಯ ಕುದಿನೀರಿಗೆ ಮುಖವೊಡ್ಡಿ ಹಬೆ ತೆಗೆದುಕೊಳ್ಳುವವರಿಗೆ ಒಂದೇ ಮಾತು, ಪಾತ್ರೆ ತೊಡೆಯ ಮೇಲೆ ಬೇಡ. ಸುಟ್ಟ ಗಾಯ ನ್ಯುಮೋನಿಯಾಕ್ಕಿಂತ ಹೆಚ್ಚು ಕಾಡುತ್ತದೆ.

ಕೆಮ್ಮಲೇಬೇಕಾದಾಗ ಕೂತು, ಪಾದ ನೆಲಕ್ಕೂರಿ, ದಿಂಬನ್ನು ನೋಯುವ ಪಕ್ಕೆಗೆ ಒತ್ತಿಕೊಂಡು, ಮುಂದಕ್ಕೆ ಬಾಗಿ ಎರಡು ಸಲ. ನಿಂತು ಕೆಮ್ಮಿ ಕಣ್ಣುಕತ್ತಲೆ ಬಂದು ಬೀಳುವವರಿದ್ದಾರೆ. ಹೆಂಗಸರು ಹೇಳಲು ಸಂಕೋಚಪಡುವ ಇನ್ನೊಂದು ತೊಂದರೆ, ಕೆಮ್ಮುವಾಗ ಮೂತ್ರ ಜಿನುಗುವುದು. ಕೇಳಿದರೆ ಮಾತ್ರ ಹೇಳುತ್ತಾರೆ, ಆದ್ದರಿಂದ ನಾನೇ ಕೇಳುತ್ತೇನೆ. ಕೆಮ್ಮು ಬರುವ ಮುನ್ನ ಕಾಲು ಅಡ್ಡ ಹಾಕಿ, ಮೂತ್ರ ತಡೆಹಿಡಿಯುವಂತೆ ಕೆಳಗಿನ ಸ್ನಾಯು ಬಿಗಿಹಿಡಿದರೆ ಬಹುಪಾಲು ನಿಲ್ಲುತ್ತದೆ. ಈ ಹೊತ್ತೆಲ್ಲ ಕಿಟಕಿ ತೆರೆದಿರಬೇಕು, ಬಾಯಿಗೆ ಬಟ್ಟೆ ಇರಬೇಕು; ಹೇಳಿಕೊಡುವವರು ಮಾಸ್ಕ್ ಹಾಕಿ ಎದುರಿಗಲ್ಲ, ಪಕ್ಕದಲ್ಲಿ ಕೂರಬೇಕು.

ನಡಿಗೆ ಇಪ್ಪತ್ತು ಹೆಜ್ಜೆಯಿಂದ ಶುರು, ಆಕ್ಸಿಜನ್ ಮೇಲಿದ್ದರೆ ನಳಿಕೆ ಸಮೇತ. ಇಲ್ಲಿ ಎಲ್ಲರೂ ತಪ್ಪುವುದು ಒಂದೇ ಕಡೆ: ನಿಂತ ತಕ್ಷಣ ನೋಡಿ ‘95 ಇದೆ’ ಎಂದು ಆಕ್ಸಿಮೀಟರ್ ತೆಗೆದುಬಿಡುತ್ತಾರೆ. ಇಳಿತ ಬೆರಳಿಗೆ ತಲುಪಲು ಸಮಯ ಬೇಕು, ನಿಂತ ಮೇಲೂ ಒಂದು ನಿಮಿಷ ನೋಡುತ್ತಿರಬೇಕು. ಮೂರಕ್ಕಿಂತ ಹೆಚ್ಚು ಅಂಕ ಇಳಿದರೆ ಮರುದಿನ ಹೆಜ್ಜೆ ಕಡಿಮೆ, ಡಾಕ್ಟರಿಗೂ ಸುದ್ದಿ. ಮಾತಾಡುತ್ತ ನಡೆಯಲಾದರೆ ವೇಗ ಸರಿ. ಸ್ಟೀರಾಯ್ಡ್ ತೆಗೆದುಕೊಂಡವರ ತೊಡೆ ಬಲ ಕುಗ್ಗಿರುತ್ತದೆ. ಅವರಿಗೆ ಕುರ್ಚಿಯಿಂದ ಎದ್ದು ಕೂರುವುದನ್ನು ಐದರಿಂದ ಶುರು ಮಾಡಿಸುತ್ತೇನೆ, ಏಳುವಾಗ ಉಸಿರು ಬಿಡಬೇಕು. ಮೆಟ್ಟಿಲಿಗೂ ಅದೇ: ಎಳೆದುಕೊಂಡು ನಿಂತು, ತುಟಿ ಚೂಪು ಮಾಡಿ ಬಿಡುತ್ತ ಎರಡು ಮೆಟ್ಟಿಲು.

ಒಂದೇ ಕಡೆ ಚುಚ್ಚುವ ಎದೆನೋವು, ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಕಫದಲ್ಲಿ ರಕ್ತ, ಗಲಿಬಿಲಿಯ ಮಾತು, ಕೂತಲ್ಲೇ ಆಕ್ಸಿಜನ್ ಇಳಿಯುವುದು ಇವುಗಳಲ್ಲಿ ಒಂದು ಕಂಡರೂ ವ್ಯಾಯಾಮ ನಿಲ್ಲಿಸಿ ಆಸ್ಪತ್ರೆಗೆ. ಏನೂ ಇಲ್ಲದೆ ಒಣ ಕೆಮ್ಮು ಮಾತ್ರ ಉಳಿದರೆ ಕೆಲವು ವಾರ ಕಾಯಬಹುದು. ಎಂಟು ವಾರ ದಾಟಿದರೆ, ಇಲ್ಲವೇ ಮೆಟ್ಟಿಲು ಹತ್ತುವಾಗಿನ ಏದುಸಿರು ವಾರದಿಂದ ವಾರಕ್ಕೆ ಇಳಿಯದಿದ್ದರೆ, ಎದೆಯ ಎಕ್ಸ್‌ರೇ ಮತ್ತೆ ತೆಗೆಸಿ, ಬರೆದಿಟ್ಟ ನಡಿಗೆಯ ಅಂಕಿಗಳನ್ನೂ ಜೊತೆಗೆ ಒಯ್ಯಿರಿ.