ಹ್ಯಾಮ್ ರೇಡಿಯೋ ಶುರು ಮಾಡ್ಬೇಕಾ? ಸೆಟ್ ಆಮೇಲೆ ತಗೊಳ್ಳಿ, ಮೊದ್ಲು ಕಿವಿಗೆ ಕೆಲ್ಸ ಕೊಡಿ

ಹ್ಯಾಮ್ (ಹವ್ಯಾಸಕ್ಕೆ ಅಂತ ರೇಡಿಯೋದಲ್ಲಿ ಬೇರೆಯವರ ಜೊತೆ ಮಾತಾಡೋರು) ಆಗ್ಬೇಕು ಅಂತ ಹೊರಟೋರೆಲ್ಲ ಮೊದ್ಲು ಕೇಳೋದು ‘ಯಾವ ಸೆಟ್ ತಗೊಳ್ಲಿ’ ಅಂತ. ನನ್ನ ಕೇಳಿದ್ರೆ ಸದ್ಯಕ್ಕೆ ಯಾವ್ದೂ ಬೇಡ, ಬ್ರೌಸರ್ ಸಾಕು. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ಯೂನಿವರ್ಸಿಟಿಯ ವೆಬ್‌ಎಸ್‌ಡಿಆರ್ (ವೆಬ್‌ನಲ್ಲೇ ಕೇಳೋ ರೇಡಿಯೋ ರಿಸೀವರ್) ತೆಗೀರಿ, ಅಲ್ಲಿನ ಆಂಟೆನಾಗೆ ಸಿಗೋ ಶಾರ್ಟ್‌ವೇವ್ ಪೂರ್ತಿ ನಿಮ್ಮ ಸ್ಕ್ರೀನ್ ಮೇಲೆ ಇಳೀತಾ ಇರುತ್ತೆ, ಬೇಕಾದಲ್ಲಿ ಟ್ಯೂನ್ ಮಾಡ್ಕೊಂಡು ಕೇಳ್ಬಹುದು, ದುಡ್ಡೇನೂ ಕೊಡೋ ಹಾಗಿಲ್ಲ. ಬೇರೆ ಕಡೆಯಿಂದ ಕೇಳ್ಬೇಕು ಅಂದ್ರೆ ಕೀವಿಎಸ್‌ಡಿಆರ್ ಅನ್ನೋ ಇಂಥದೇ ರಿಸೀವರ್‌ಗಳು ಪ್ರಪಂಚದ ತುಂಬ ಇವೆ.

ಹಗಲಲ್ಲಿ 20 ಮೀಟರ್ ಬ್ಯಾಂಡ್ ನೋಡಿ, ಅಂದ್ರೆ 14.000 ಇಂದ 14.350 ಮೆಗಾಹರ್ಟ್ಸ್. ಕತ್ತಲಾದ್ಮೇಲೆ 40 ಮೀಟರ್, 7 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ, ಯಾಕಂದ್ರೆ ಹಗಲು ಸಿಗ್ನಲ್ ನುಂಗೋ ಅಯಾನೋಸ್ಫಿಯರ್‌ನ (ವಾತಾವರಣದ ಮೇಲ್ಭಾಗ) ಡಿ ಪದರ ರಾತ್ರಿ ಇರಲ್ಲ, ಸಿಗ್ನಲ್ ತುಂಬ ದೂರ ಹೋಗುತ್ತೆ. ಹಗಲು ರಾತ್ರಿ ಅಂದಿದ್ದು ರಿಸೀವರ್ ಇರೋ ಊರಿನ ಲೆಕ್ಕ, ನಿಮ್ಮ ಗಡಿಯಾರದ್ದಲ್ಲ! ವಾಯ್ಸ್ ಕೇಳೋಕೆ 10 ಮೆಗಾಹರ್ಟ್ಸ್‌ಗಿಂತ ಮೇಲೆ ಯುಎಸ್‌ಬಿ (ಅಪ್ಪರ್ ಸೈಡ್‌ಬ್ಯಾಂಡ್) ಮೋಡ್, ಕೆಳಗೆ ಎಲ್‌ಎಸ್‌ಬಿ (ಲೋಯರ್ ಸೈಡ್‌ಬ್ಯಾಂಡ್). ಉಲ್ಟಾ ಇಟ್ರೆ ಮಾತು ಒಂದಕ್ಷರ ಅರ್ಥ ಆಗಲ್ಲ, ಸರಿ ಇಟ್ಟು ನಿಧಾನಕ್ಕೆ ತಿರುಗಿಸ್ತಾ ಹೋದ್ರೆ ಒಂದು ಕಡೆ ದನಿ ಮನುಷ್ಯರ ದನಿ ಥರ ಆಗುತ್ತೆ, ಅಲ್ಲಿ ಬಿಡಿ.

ನನಗೆ ತುಂಬ ಇಷ್ಟದ ಜಾಗ 14.100 ಮೆಗಾಹರ್ಟ್ಸ್. ಸಿಡಬ್ಲ್ಯೂ ಮೋಡ್ ಹಾಕಿ, ಅಂದ್ರೆ ಚುಕ್ಕೆ-ಗೀಟಿನ ಮೋರ್ಸ್ ಕೋಡ್ ಕೇಳೋ ಮೋಡ್. ಬೇರೆ ಬೇರೆ ದೇಶಗಳಲ್ಲಿರೋ 18 ಬೀಕನ್‌ಗಳಿಗೆ (ತಾನಾಗೇ ಸಿಗ್ನಲ್ ಕಳ್ಸೋ ಸ್ಟೇಷನ್‌ಗಳು) ಇಲ್ಲಿ ಸರದಿ ಇದೆ, ಒಂದೊಂದಕ್ಕೂ 10 ಸೆಕೆಂಡ್, 3 ನಿಮಿಷಕ್ಕೆ ಒಂದು ಸುತ್ತು. ಪ್ರತಿ ಬೀಕನ್ ಮೋರ್ಸ್‌ನಲ್ಲಿ ಕಾಲ್‌ಸೈನ್ (ಸ್ಟೇಷನ್ ಗುರುತು) ಹೇಳಿ ನಾಲ್ಕು ಉದ್ದ ಗೀಟು ಕಳ್ಸುತ್ತೆ: ಮೊದಲ್ನೇದು 100 ವ್ಯಾಟ್, ಆಮೇಲೆ 10, ಆಮೇಲೆ 1, ಕೊನೇದು 0.1 ವ್ಯಾಟ್. ಬ್ಯಾಂಡ್ ಚೆನ್ನಾಗಿ ಓಪನ್ ಆಗಿದ್ದ, ಅಂದ್ರೆ ದೂರದ ಸಿಗ್ನಲ್ ಚೆನ್ನಾಗಿ ಬರೋ ದಿನ ಆ ಕೊನೇ ಗೀಟೂ ಕೇಳ್ಸುತ್ತೆ, ಅದನ್ನ ಕೇಳಿದ್ಮೇಲೆ ‘ಎಷ್ಟು ವ್ಯಾಟ್ ಸೆಟ್ ಬೇಕು’ ಅನ್ನೋ ತಲೆನೋವು ಅರ್ಧ ಹೋಗುತ್ತೆ.

14.074 ರಲ್ಲಿ ಸಿಳ್ಳೆ ಥರ ಕೇಳೋದು ಎಫ್‌ಟಿ8, ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳ್ಸೋ ಡಿಜಿಟಲ್ ಮೋಡ್. ಡಬ್ಲ್ಯೂಎಸ್‌ಜೆಟಿ-ಎಕ್ಸ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕಿದ್ರೆ ಯಾರು ಯಾರನ್ನ ಕರೀತಿದ್ದಾರೆ ಅಂತ 15 ಸೆಕೆಂಡಿಗೊಮ್ಮೆ ತೋರ್ಸುತ್ತೆ. ಯಾರ ಸಿಗ್ನಲ್ ಎಲ್ಲಿಗೆ ತಲುಪ್ತಿದೆ ಅಂತ ಮ್ಯಾಪ್‌ನಲ್ಲಿ ನೋಡೋಕೆ ಪಿಎಸ್‌ಕೆ ರಿಪೋರ್ಟರ್ ಅನ್ನೋ ಸೈಟ್ ಇದೆ.

ಲೈಸೆನ್ಸ್ ವಿಷ್ಯ. ಟ್ರಾನ್ಸ್‌ಮಿಟ್ ಮಾಡೋಕೆ ಅದು ಬೇಕೇ ಬೇಕು, ಕೇಳೋದ್ರ ಬಗ್ಗೆ ಕೂಡ ನಿಮ್ಮ ದೇಶದ ರೂಲ್ಸ್ ಒಮ್ಮೆ ನೋಡ್ಕೊಳ್ಳಿ. ಸಿಲಬಸ್‌ನ ಲೈಸೆನ್ಸ್ ಕೊಡೋ ಸರ್ಕಾರಿ ಇಲಾಖೆಯ ಸೈಟ್‌ನಿಂದ್ಲೇ ತಗೊಳ್ಳಿ, ಹಳೇ ಪಿಡಿಎಫ್‌ಗಳು ಸುತ್ತಾಡ್ತಾನೇ ಇರ್ತವೆ, ನಂಬ್ಬೇಡಿ. ಓಮ್ಸ್ ಲಾ, ಆಂಟೆನಾ, ಪ್ರೊಪಗೇಶನ್ (ರೇಡಿಯೋ ಅಲೆ ಸಾಗೋ ರೀತಿ), ಸೇಫ್ಟಿ, ರೂಲ್ಸ್, ಹೆಚ್ಚು ಕಮ್ಮಿ ಎಲ್ಲಾ ಕಡೆ ಇವೇ. ಮೋರ್ಸ್ ಕಡ್ಡಾಯ ಅನ್ನೋ ಅಂತಾರಾಷ್ಟ್ರೀಯ ನಿಯಮ 2003 ರಲ್ಲಿ ಹೋಯ್ತು, ಆಮೇಲೆ ಸುಮಾರು ದೇಶಗಳು ಪರೀಕ್ಷೆಯಿಂದ ತೆಗೆದುಬಿಟ್ವು. ಆದ್ರೂ ಕಲೀಬೇಕು ಅನ್ಸಿದ್ರೆ ಎಲ್‌ಸಿಡಬ್ಲ್ಯೂಒ ಅಂತ ಸೈಟ್ ಇದೆ, ಚೆನ್ನಾಗಿದೆ.

ಐಎಆರ್‌ಯು (ಹ್ಯಾಮ್ ಸಂಘಗಳ ಅಂತಾರಾಷ್ಟ್ರೀಯ ಒಕ್ಕೂಟ) ಸೈಟ್‌ನಲ್ಲಿ ಬೇರೆ ಬೇರೆ ದೇಶಗಳ ಸಂಘಗಳ ಹೆಸರು ಸಿಗುತ್ತೆ, ಅಲ್ಲಿಂದ ಹತ್ತಿರದ ಕ್ಲಬ್ ಹಿಡೀರಿ. ಹತ್ತು ವಿಡಿಯೋ ನೋಡೋದಕ್ಕಿಂತ ಹಳೇ ಹ್ಯಾಮ್ ಒಬ್ರ ಪಕ್ಕ ಒಂದು ಸಂಜೆ ಕೂತ್ಕೊಳ್ಳೋದು ಮೇಲು.

ಹ್ಯಾಂಡಿ (ಕೈಯಲ್ಲಿ ಹಿಡಿಯೋ ಚಿಕ್ಕ ಸೆಟ್) ತಗೊಳ್ಳೋ ಮುಂಚೆ ತಿಳ್ಕೊಳ್ಳಿ, ಅದ್ರಲ್ಲಿ ಸಿಗೋದು ಹೆಚ್ಚಾಗಿ ಅಕ್ಕಪಕ್ಕದೋರು, ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಕಳ್ಸೋ ಸ್ಟೇಷನ್) ಇದ್ರೆ ಇನ್ನೊಂದಿಷ್ಟು ದೂರ, ಶಾರ್ಟ್‌ವೇವ್ ಅಲ್ಲ. ಶಾರ್ಟ್‌ವೇವ್‌ಗೆ ಸೆಟ್‌ಗಿಂತ ಆಂಟೆನಾ ಮುಖ್ಯ, ಮೊದಲ್ನೇದನ್ನ ಕೈಯಾರೆ ಕಟ್ಟಿ. ಡೈಪೋಲ್ (ಮಧ್ಯದಿಂದ ಎರಡು ಕಡೆಗೂ ಸಮ ಉದ್ದದ ವೈರ್ ಇರೋ ಆಂಟೆನಾ) ಲೆಕ್ಕ ಸುಲಭ, 143 ನ ಮೆಗಾಹರ್ಟ್ಸ್‌ನಿಂದ ಭಾಗಿಸಿದ್ರೆ ಒಟ್ಟು ಉದ್ದ ಮೀಟರ್‌ನಲ್ಲಿ ಬರುತ್ತೆ, 14.2 ಕ್ಕೆ ಸುಮಾರು 10.07, ಅಂದ್ರೆ ಒಂದೊಂದು ಕಡೆ 5 ಮೀಟರ್ ಚಿಲ್ರೆ. ಸ್ವಲ್ಪ ಉದ್ದಾನೇ ಕಟ್ ಮಾಡಿ, ಮೇಲೇರಿಸಿ ಎಸ್‌ಡಬ್ಲ್ಯೂಆರ್ (ಆಂಟೆನಾ ಎಷ್ಟು ಹೊಂದಿಕೊಂಡಿದೆ ಅನ್ನೋ ಅಳತೆ, ಕಮ್ಮಿ ಇದ್ದಷ್ಟೂ ಒಳ್ಳೇದು) ನೋಡಿ ಚೂರು ಚೂರೇ ಕತ್ತರಿಸ್ತಾ ಬನ್ನಿ. ಕರೆಂಟ್ ಲೈನ್ ಹತ್ತಿರ ಮಾತ್ರ ಬೇಡವೇ ಬೇಡ, ವೈರ್ ಕಳಚಿ ಬಿದ್ರೂ ಲೈನ್‌ಗೆ ತಾಗದಷ್ಟು ದೂರ ಇರ್ಲಿ.

ಲೈಸೆನ್ಸ್ ಬಂದು ಮೊದಲ ಸಲ ಮೈಕ್ ಹಿಡಿದಾಗ ಫ್ರೀಕ್ವೆನ್ಸಿ ಖಾಲಿ ಇದ್ಯಾ ಅಂತ ಕೇಳಿ, ಉತ್ತರ ಬರದಿದ್ರೆ ಇನ್ನೊಂದ್ಸಲ ಕೇಳಿ, ಆಮೇಲೆ ಸಿಕ್ಯೂ (ಯಾರಾದ್ರೂ ಮಾತಾಡ್ತೀರಾ ಅನ್ನೋ ಕರೆ) ಕರೀರಿ. ಕಾಲ್‌ಸೈನ್‌ನ ಆಲ್ಫಾ ಬ್ರಾವೋ ಚಾರ್ಲಿ ಪದಗಳಲ್ಲಿ ಬಿಡಿಸಿ ಹೇಳಿ. ಎಲ್ರಿಗೂ ‘ಫೈವ್ ನೈನ್’ (ಮಾತು ಸ್ಪಷ್ಟ, ಸಿಗ್ನಲ್ ಜೋರು) ಅಂತ ರಿಪೋರ್ಟ್ ಕೊಡೋ ಚಟ ಸುಮಾರು ಜನಕ್ಕಿದೆ, ನೀವು ಕೇಳ್ಸಿದ್ದನ್ನೇ ಕೊಡಿ, ಆ ಕಡೆಯವರಿಗೆ ಅದೇ ಉಪಯೋಗ. ಯಾರ ಜೊತೆ ಮಾತಾಡಿದ್ರಿ ಅಂತ ಬರೆದಿಡೋ ಲಾಗ್‌ನಲ್ಲಿ ಟೈಮ್ ಯುಟಿಸಿನಲ್ಲೇ (ಎಲ್ಲಾ ದೇಶಕ್ಕೂ ಒಂದೇ ಆದ ಸಮಯ) ಬರೀರಿ.