ಕರ್ನಲ್ ಬಿಲ್ಡ್ ಮಾಡುವ ಮುನ್ನ ಟ್ಯಾಗ್‌ನ ಸಹಿ ನೋಡುವುದು ಹೇಗೆ

ಲಿನಕ್ಸ್‌ನ ತಿರುಳಾದ ಕರ್ನಲ್‌ನ ಗಿಟ್ ರೆಪೊದಲ್ಲಿ (ಕೋಡ್ ಮತ್ತು ಅದರ ಬದಲಾವಣೆಗಳ ಸಂಗ್ರಹ) ಬಹುತೇಕ ಕಮಿಟ್‌ಗಳಿಗೆ, ಅಂದರೆ ದಾಖಲಾದ ಬದಲಾವಣೆಗಳಿಗೆ, ಡಿಜಿಟಲ್ ಸಹಿಯೇ ಇರುವುದಿಲ್ಲ. ಅಂಥವಕ್ಕೆ 'ಗಿಟ್ ವೆರಿಫೈ-ಕಮಿಟ್' ಕೊಟ್ಟರೆ ಅದು ಏನೂ ಹೇಳದೆ ಎಕ್ಸಿಟ್ ಕೋಡ್ 1 (ವಿಫಲ ಎಂಬ ಸೂಚನೆ) ಕೊಟ್ಟು ಸುಮ್ಮನಾಗುತ್ತದೆ. ಸಹಿ ಇರುವುದು ಬಿಡುಗಡೆಯ ಟ್ಯಾಗ್ ಮೇಲೆ, ಅಂದರೆ ಒಂದು ಆವೃತ್ತಿಗೆ ಹೆಸರಿಟ್ಟು ಗುರುತಿಸುವ ದಾಖಲೆಯ ಮೇಲೆ. ಅಷ್ಟು ಸಾಕು: ಟ್ಯಾಗ್‌ನೊಳಗೆ ಕಮಿಟ್‌ನ ಹ್ಯಾಶ್ (ಒಳಗಿನದು ಬದಲಾದರೆ ತಾನೂ ಬದಲಾಗುವ ಗುರುತು) ಇದೆ, ಕಮಿಟ್‌ನೊಳಗೆ ಎಲ್ಲ ಫೈಲುಗಳ ಮತ್ತು ಹಿಂದಿನ ಕಮಿಟ್‌ಗಳ ಹ್ಯಾಶ್ ಇದೆ. (ಕಮಾಂಡ್‌ಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.)

ಮೊದಲು ಒಂದು ಖಾಲಿ ಫೋಲ್ಡರ್ ಮಾಡಿ, ಅದಕ್ಕೆ 'ಸಿಎಚ್‌ಮಾಡ್ 700' ಕೊಟ್ಟು (ನಿಮಗೆ ಮಾತ್ರ ಪ್ರವೇಶ), 'ಜಿಎನ್‌ಯುಪಿಜಿಹೋಮ್' ವೇರಿಯಬಲ್ ಅದರತ್ತ ತಿರುಗಿಸಿ. ಸಹಿ ಪರೀಕ್ಷಿಸುವ ಜಿಪಿಜಿ ತಂತ್ರಾಂಶ ತನ್ನ ಕೀಗಳನ್ನು ಹುಡುಕುವ ಜಾಗ ಅದು. ಇದು ಅತಿಜಾಗ್ರತೆ ಅನ್ನಿಸಬಹುದು, ಆದರೆ ಬಿಡಬೇಡಿ. ನಿಮ್ಮ ಕೀರಿಂಗ್‌ನಲ್ಲಿರುವ (ಜಿಪಿಜಿ ಕೀಗಳ ಸಂಗ್ರಹ) ಯಾರದೇ ಕೀಯಿಂದ ಸಹಿ ಆಗಿದ್ದರೂ ಗಿಟ್ 'ಗುಡ್ ಸಿಗ್ನೇಚರ್' ಎಂದೇ ಹೇಳಿ ಕೋಡ್ 0 ಕೊಡುತ್ತದೆ. ಇರಬೇಕಾದ ಕೀ ಮಾತ್ರ ಇದ್ದರೆ ಆ ಗೊಂದಲವಿಲ್ಲ.

6.6ರಂಥ ಮುಖ್ಯ ಆವೃತ್ತಿಗೆ ಸಹಿ ಹಾಕುವವರು ಲಿನಸ್ ಟೊರ್ವಾಲ್ಡ್ಸ್, 6.6.1ರಂಥ ಸ್ಟೇಬಲ್ ಆವೃತ್ತಿಗಳಿಗೆ ಸಾಮಾನ್ಯವಾಗಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್. ಅವರ ಕರ್ನಲ್ ಡಾಟ್ ಆರ್ಗ್ ಇಮೇಲ್ ವಿಳಾಸ ಕೊಟ್ಟು 'ಜಿಪಿಜಿ --ಲೊಕೇಟ್-ಕೀಸ್' ಓಡಿಸಿದರೆ ಕೀ ಬರುತ್ತದೆ. 'ಜಿಪಿಜಿ --ಫಿಂಗರ್‌ಪ್ರಿಂಟ್' ತೋರಿಸುವ 40 ಅಂಕಿ-ಅಕ್ಷರಗಳನ್ನೂ ಕರ್ನಲ್ ಡಾಟ್ ಆರ್ಗ್‌ನ ಸಹಿಗಳ ಪುಟದೊಂದಿಗೆ ಹೋಲಿಸಿ. ಕೊನೆಯ 8, ಅಂದರೆ ಕಿರು ಐಡಿ, ಮಾತ್ರ ನೋಡಿದರೆ ಪ್ರಯೋಜನವಿಲ್ಲ. ಟೊರ್ವಾಲ್ಡ್ಸ್ ಅವರದೇ ಕಿರು ಐಡಿ ಹೊತ್ತ ನಕಲಿ ಕೀ 2016ರಲ್ಲಿ ಕೀಗಳನ್ನು ಹಂಚುವ ಕೀಸರ್ವರ್‌ಗಳಲ್ಲಿ ಸಿಕ್ಕಿತ್ತು.

ಈಗ 'ಗಿಟ್ ವೆರಿಫೈ-ಟ್ಯಾಗ್ -ವಿ ವಿ6.6'.

'ನೋ ಪಬ್ಲಿಕ್ ಕೀ' ಬಂದರೆ ಕೀ ಸೇರಿಲ್ಲ, ಅಥವಾ ಸಹಿ ಬೇರೆಯವರದು. 'ಕೆನಾಟ್ ವೆರಿಫೈ ಎ ನಾನ್-ಟ್ಯಾಗ್ ಆಬ್ಜೆಕ್ಟ್' ಅಂದರೆ ಅದು ಸಹಿ ಹೊರಲಾರದ ಬರಿಯ ಲೈಟ್‌ವೇಟ್ ಟ್ಯಾಗ್. 'ಬ್ಯಾಡ್ ಸಿಗ್ನೇಚರ್' ಬಂದರೆ ಅಲ್ಲಿಗೇ ನಿಲ್ಲಿಸಿ. ಕೀ 'ಸರ್ಟಿಫೈ ಆಗಿಲ್ಲ' ಎಂಬ ಎಚ್ಚರಿಕೆ ಮಾತ್ರ ಸಹಜ: ಆ ಕೀಯನ್ನು ನಂಬುತ್ತೀರೆಂದು ನೀವಿನ್ನೂ ಜಿಪಿಜಿಗೆ ಹೇಳಿಲ್ಲ, ಅಷ್ಟೇ.

'-ವಿ' ಹಾಕಿದ್ದಕ್ಕೆ ಕಾರಣವಿದೆ: ಅದು ಟ್ಯಾಗ್‌ನ ಒಳಗಿನ ಬರಹವನ್ನು ತೋರಿಸುತ್ತದೆ. ಸಹಿ ಇರುವುದು ಟ್ಯಾಗ್‌ನ ಒಳಗಿನ ಬರಹಕ್ಕೆ. ಹೊರಗಿನ ಹೆಸರು ಬರೀ ರೆಫ್, ಅಂದರೆ ಟ್ಯಾಗ್‌ನತ್ತ ತೋರಿಸುವ ಚೀಟಿ. ಮಿರರ್ ಸರ್ವರ್ (ರೆಪೊದ ಪ್ರತಿ ಇಟ್ಟಿರುವ ಸರ್ವರ್) ಒಂದು ಹಳೆಯ, ದೋಷವಿರುವ ಆವೃತ್ತಿಯ ಅಸಲಿ ಟ್ಯಾಗನ್ನೇ 'ವಿ6.6' ಹೆಸರಲ್ಲಿ ಕೊಟ್ಟರೂ ಸಹಿ ಪಾಸಾಗುತ್ತದೆ. ಔಟ್‌ಪುಟ್‌ನ 'ಟ್ಯಾಗ್' ಸಾಲಿನಲ್ಲೂ ವಿ6.6 ಎಂದೇ ಇರಬೇಕು.

ಆಮೇಲೆ 'ಗಿಟ್ ಚೆಕ್ಔಟ್ --ಡಿಟ್ಯಾಚ್ ವಿ6.6', ನಂತರ 'ಗಿಟ್ ಸ್ಟೇಟಸ್ --ಇಗ್ನೋರ್ಡ್'. ಹಳೆಯ ಬಿಲ್ಡ್‌ನ ಫೈಲುಗಳು ಉಳಿದಿದ್ದರೆ 'ಗಿಟ್ ಕ್ಲೀನ್ -ಎಫ್‌ಡಿಎಕ್ಸ್'. ಅದು ಬಿಲ್ಡ್‌ನ ಆಯ್ಕೆಗಳಿರುವ ನಿಮ್ಮ 'ಡಾಟ್ ಕಾನ್ಫಿಗ್' ಫೈಲನ್ನೂ ಅಳಿಸುತ್ತದೆ, ಮೊದಲೇ ಹೊರಗೆ ಕಾಪಿ ಮಾಡಿಟ್ಟುಕೊಳ್ಳಿ.